ಟಿಕ್ ಟಿಕ್ ಅನ್ನುವ ಮದುವೆ

"ಮದುವೆ ಹೋಯಿತು" ಅಂದ ಸ್ಟುಡಿಯೋ.

"ಯಾರು ಓಡಿಹೋದರು?" ಅಂತ ಕೇಳಿದ ಜೀನ್ಸ್. ಬಳ್ಳಾರಿಯ ಮಿರ್ಚಿ ಬಂಡಿ ಹತ್ತಿರ ಸೇರಿದರೆ ನಮಗೆ ಹೆಸರಿಲ್ಲ, ಕಸುಬೇ ಹೆಸರು. ಇವನದು ಜೀನ್ಸ್ ಹೊಲಿಯುವ ಯೂನಿಟ್ಟು.

"ಯಾರೂ ಓಡಿಲ್ಲ ಲೇ. ಫೋಟೋ, ವಿಡಿಯೋ ಎಲ್ಲ ಇದರಲ್ಲಿದ್ದವು."

ಪೇಪರ್ ಸುತ್ತಿದ್ದ ಹಾರ್ಡ್ ಡಿಸ್ಕ್ ತೆಗೆದು ಒಗ್ಗರಣೆ ತಟ್ಟೆ ಪಕ್ಕ ಇಟ್ಟ. ಒಂದು ಮೂಲೆ ಜಜ್ಜಿತ್ತು. ಸ್ಟೂಲ್ ಮೇಲಿಂದ ಬಿದ್ದಿದ್ದಂತೆ. ಹಚ್ಚಿದರೆ ಟಿಕ್ ಟಿಕ್ ಅನ್ನುತ್ತದೆ, ಕಂಪ್ಯೂಟರ್‌ನಲ್ಲಿ ಕಾಣಲ್ಲ.

"ಎಷ್ಟು ಸಲ ಹಚ್ಚಿದೆ?" ಅಂದರು ಮೇಷ್ಟ್ರು. ಐಟಿಐಯಲ್ಲಿ ಕಂಪ್ಯೂಟರ್ ಕಲಿಸುತ್ತಾರೆ.

"ಬೆಳಗಿಂದ ಅದೇ ಕೆಲಸ ಸಾರ್. ಒಂದು ಸಲವಾದರೂ ಅದಕ್ಕೆ ಕನಿಕರ ಬರಬಹುದು ಅಂತ."

ಮೇಷ್ಟ್ರು ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟರು. ಅವರು ಮಿರ್ಚಿ ಕೆಳಗಿಟ್ಟರೆ ವಿಷಯ ಜೋರಾಗಿದೆ ಅಂತಲೇ ಲೆಕ್ಕ.

"ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಹೆಡ್ಡು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಈ ಸದ್ದು ಕೇಳಿದರೆ ಹೆಡ್ಡೇ ಕೆಟ್ಟಿರಬೇಕು. ನೀನು ಹಚ್ಚಿದಾಗೆಲ್ಲ ಅದು ತಟ್ಟೆ ಕೆರೆಯುತ್ತಿರಬಹುದು. ಕೆರೆದುಹೋದ ತಾಳಿ ಫೋಟೋ ಯಾವ ದೇವರೂ ಕೊಡಲ್ಲ."

"ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದಂತಲ್ವಾ?" ಅಂದ ಜೀನ್ಸ್.

"ಹೊರಗೆ ತೆಗೆದ ಕೂಡಲೇ ತೇವ ಕಟ್ಟುತ್ತದೆ. ಅದೇನು ಕುಲ್ಫಿನಾ?"

ಸ್ಟುಡಿಯೋ ಆಗಲೇ ವಿಚಾರಿಸಿದ್ದ. "ಇಲ್ಲೇ ಒಬ್ಬ ಅಂಗಡಿಯವನು ನೂರಕ್ಕೆ ನೂರು ಗ್ಯಾರಂಟಿ ಅಂದ. ಮೂರು ಸಾವಿರ, ಸಂಜೆಗೆ ರೆಡಿ."

"ಡಿಸ್ಕ್ ನೋಡಿದನಾ?"

"ಇಲ್ಲ. ನನ್ನ ಮುಖ ನೋಡಿ ಹೇಳಿದ."

"ಎಲ್ಲಿ ಬಿಚ್ಚುತ್ತಾನೆ?"

"ಅಲ್ಲೇ, ಗಲ್ಲಾ ಪಕ್ಕ. ಟೇಬಲ್ ಫ್ಯಾನ್ ಕೆಳಗೆ."

ಮೇಷ್ಟ್ರಿಗೆ ಕೆಮ್ಮು ಬಂತು. ಇಂಥ ಡಿಸ್ಕ್ ಬಿಚ್ಚಲು ಕ್ಲಾಸ್ 100 ಕ್ಲೀನ್ ರೂಮ್ ಬೇಕಂತೆ. ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್‌ಗಿಂತ ದೊಡ್ಡ ಕಣ 100 ದಾಟಬಾರದು. ಸಂಡೂರಿನ ಅದಿರು ಲಾರಿ ಕಂಡ ಜಿಲ್ಲೆ ನಮ್ಮದು. ನಮ್ಮ ಒಂದು ಅಂಗಿ ಜಾಡಿಸಿದರೆ ಸಾಕು, ಆ ಲೆಕ್ಕ ಮುಗಿದುಹೋಗುತ್ತದೆ.

ಆ ಅಂಗಡಿಯವನನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಡಿಸ್ಕ್ ಚೆನ್ನಾಗಿದ್ದು ಫೈಲ್ ಮಾತ್ರ ಡಿಲೀಟ್ ಆಗಿದ್ದರೆ ಅಂಥವನೇ ಸಾಕು. ಕೆಟ್ಟ ಹೆಡ್ಡು ಬದಲಿಸುವುದು ಬೇರೆ ಕೆಲಸ.

"ಬೆಂಗಳೂರಿಗೂ ಫೋನ್ ಮಾಡಿದ್ದೆ. ಸೊಕ್ಕಿನ ಜನ. ಏನು ಕೇಳಿದರೂ 'ನೋಡಿದ ಮೇಲೆ ಹೇಳ್ತೀವಿ' ಅಂತಾರೆ."

"ಹಾಗಾದರೆ ಅವರಿಗೇ ಕೊಡು" ಅಂದೆ ನಾನು. ನೋಡದೆ ಗ್ಯಾರಂಟಿ ಕೊಡುವ ಡಾಕ್ಟರ್ ಹತ್ತಿರ ನಾವು ಹೋಗ್ತೀವಾ?

"ಕೊಡೋಕೆ ಮುಂಚೆ ಬಾಯಿಬಿಟ್ಟು ಕೇಳು" ಅಂದರು ಮೇಷ್ಟ್ರು. "ಲ್ಯಾಬ್ ನಿಮ್ಮದೇನಾ, ಇಲ್ಲ ಇಲ್ಲಿ ತಗೊಂಡು ಇನ್ನೆಲ್ಲಿಗೋ ಕಳಿಸ್ತೀರಾ? ಪರೀಕ್ಷೆಗೆ ಎಷ್ಟು? ನನ್ನ ಒಪ್ಪಿಗೆ ಇಲ್ಲದೆ ಬಿಚ್ಚಲ್ಲ ಅಂತ ಬರೆದು ಕೊಡ್ತೀರಾ? 'ಡೇಟಾ ಬರದಿದ್ದರೆ ದುಡ್ಡಿಲ್ಲ' ಅಂತಾರಲ್ಲ, ಅದರಲ್ಲಿ ಬಿಡಿಭಾಗದ ದುಡ್ಡೂ ಸೇರಿದೆಯಾ? ಇದು ಕೇಳದೆ ಇದ್ದರೆ ಆಮೇಲೆ ಜಗಳ. ಹೆಡ್ಡು ಬದಲಿಸಲು ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್ ಬಲಿ ಕೊಡಬೇಕಾಗುತ್ತದೆ. ಆಮೇಲೆ ಮೊದಲು ಪೂರ್ತಿ ನಕಲು ತೆಗೆದು, ಆ ನಕಲಿನ ಮೇಲೇ ಕೆಲಸ ಮಾಡಬೇಕು. ಬಂದ ಫೈಲ್‌ಗಳ ಪಟ್ಟಿ ತೋರಿಸಿದ ಮೇಲೇ ಉಳಿದ ದುಡ್ಡು."

"ಒಟ್ಟು ಎಷ್ಟಾಗಬಹುದು ಸಾರ್?"

"ಹತ್ತಾರು ಸಾವಿರ ಅಂದರೂ ಗಾಬರಿಯಾಗಬೇಡ."

"ಅಷ್ಟರಲ್ಲಿ ಅವರಿಗೆ ಇನ್ನೊಂದು ಸಲ ಮದುವೆ ಮಾಡಿಸಬಹುದು" ಅಂದ ಜೀನ್ಸ್.

ಯಾರೂ ನಗಲಿಲ್ಲ. ಸ್ಟುಡಿಯೋ ಆ ಲೆಕ್ಕ ಹಾಕಿಯೇ ಬಂದಿದ್ದ ಅಂತ ಕಾಣುತ್ತದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ತಾನೇ ಒಯ್ಯುವುದು, ಕೊರಿಯರ್ ಬೇಡ, ಸ್ಪಂಜ್ ಸುತ್ತಿ ತೊಡೆ ಮೇಲೆ ಇಟ್ಟುಕೊಳ್ಳುವುದು ಅಂತ ತೀರ್ಮಾನವಾಯಿತು.

ಆಗ ಮೇಷ್ಟ್ರಿಗೆ ಹೊಳೆಯಿತು. "ಕ್ಯಾಮೆರಾ ಕಾರ್ಡ್ ಎಲ್ಲಿ?"

"ಎರಡೂ ಫಾರ್ಮ್ಯಾಟ್ ಮಾಡಿದೆ ಸಾರ್. ಒಂದರಲ್ಲಿ ಆಮೇಲೆ ಜವಳದ ಕಾರ್ಯಕ್ರಮ ತೆಗೆದೆ. ಇನ್ನೊಂದು ಜೇಬಲ್ಲೇ ಇದೆ, ಮುಟ್ಟಿಲ್ಲ."

"ಕೊಡು ಇಲ್ಲಿ! ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಪಟ್ಟಿ ಅಳಿಯುತ್ತದೆ, ಫೋಟೋ ಅಲ್ಲೇ ಬಿದ್ದಿರುತ್ತದೆ. ಅದರ ಮೇಲೆ ಹೊಸದು ಬರೆಯಬಾರದು ಅಷ್ಟೇ."

ಬ್ಯಾಗಿಂದ ಲ್ಯಾಪ್‌ಟಾಪ್ ಬಂತು. ಫೋಟೋರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಚ್ಚಿದರು. ಸಿಕ್ಕಿದ್ದನ್ನು ಕಾರ್ಡಿಗಲ್ಲ, ಲ್ಯಾಪ್‌ಟಾಪ್‌ಗೇ ಇಳಿಸಿಕೊಂಡರು. ಫೈಲಿನ ಹಳೆ ಹೆಸರು ಬರಲ್ಲ, ಫೋಟೋ ಬರುತ್ತದೆ ಅಂದರು. ನಾವು ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿ ಕಾದೆವು.

ಬಂದವು. ತಾಳಿ ಇಲ್ಲ, ಅಕ್ಷತೆ ಇಲ್ಲ. ಅವು ಜವಳದ ಕೆಳಗೆ ಹೋಗಿದ್ದವು. ಇದ್ದದ್ದು ಬರೀ ಊಟದ ಪಂಕ್ತಿ. ಎಲೆ, ಹೋಳಿಗೆ, ಮತ್ತೆ ಎಲೆ.

"ಮೊದಲನೇ ಪಂಕ್ತಿಯಲ್ಲಿ ನೀಲಿ ಅಂಗಿಯವನು ಯಾರು?" ಅಂದರು ಮೇಷ್ಟ್ರು. "ಎರಡನೆಯದರಲ್ಲೂ ಇದ್ದಾನೆ. ಮೂರನೆಯದರಲ್ಲೂ!"

ಜೀನ್ಸ್ ಲ್ಯಾಪ್‌ಟಾಪ್ ಕಡೆ ಕೈ ಚಾಚಿದ. "ಸಾರ್, ಅವು ಮೂರು ಡಿಲೀಟ್ ಮಾಡಿಬಿಡಿ."

"ಮಾಡಿಸಿ ಏನು ಉಪಯೋಗ ಲೇ?" ಅಂದ ಸ್ಟುಡಿಯೋ, ಬೆಳಗಿಂದ ಮೊದಲ ಸಲ ನಗುತ್ತ. "ಮೇಷ್ಟ್ರು ಮತ್ತೆ ತೆಗೀತಾರೆ."