ತೊಗಲುಗೊಂಬೆ ತಂಡದ ಹಿನ್ನೋಟಕ್ಕೆ ಯಾವ ಡಿಜಿಟಲ್ ಸಾಧನ ಒದಗೀತು?

ಪ್ರಶ್ನೆ (ಕೊಪ್ಪಳದಿಂದ)

ಎಲ್ಲರಿಗೂ ನಮಸ್ಕಾರ. ನಾವು 9 ಜನ ಸೇರಿ 40 ನಿಮಿಷದ ಹೊಸ ತೊಗಲುಗೊಂಬೆ ಪ್ರಸಂಗವೊಂದನ್ನು ಕಟ್ಟುತ್ತಿದ್ದೇವೆ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಗೆಳೆಯರಲ್ಲಿ ಮೊಳೆತ ಆಸೆ ಇದು. ಗೊಂಬೆ ಆಡಿಸುವ ಮನೆತನದ ಇಬ್ಬರು ಹಿರಿಯರು ನಮ್ಮೊಂದಿಗಿದ್ದಾರೆ. ಉಳಿದವರು ಹಾಡುವವರು, ಬಣ್ಣ ಹಾಕುವವರು, ಮಾತು ಬರೆಯುವವರು.

ತಾಲೀಮು ಮುಗಿದ ಮೇಲೆ ಕುಳಿತು ಮಾತನಾಡಬೇಕೆಂದು ನಾವು ನಿಯಮ ಮಾಡಿಕೊಂಡಿದ್ದರೂ ಅದು ನಡೆಯುತ್ತಿಲ್ಲ. ಹಿರಿಯರಲ್ಲೊಬ್ಬರಾದ ಮುತ್ಯಾ ‘ಛಲೋ ಆತು’ ಎಂದರೆ ಸಾಕು, ಎಲ್ಲರೂ ತಲೆಯಾಡಿಸಿ ಚಹಾಕ್ಕೆ ಏಳುತ್ತಾರೆ. ಮೂರನೆಯ ದೃಶ್ಯ ಎಳೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ವಾಟ್ಸಾಪ್ ಗುಂಪಿನಲ್ಲಿ ಬೀಳುವುದು ಹೆಬ್ಬೆರಳಿನ ಚಿತ್ರಗಳು ಮಾತ್ರ. ಅಂತರಜಾಲದ ಹಲಗೆಯ ಮೇಲೆ ಎಲ್ಲರೂ ಚೀಟಿ ಅಂಟಿಸುವ ಮಿರೋ, ಪ್ಯಾಡ್ಲೆಟ್‌ನಂತಹ ಸಾಧನಗಳನ್ನು ಇಂಥದ್ದಕ್ಕೆ ಬಳಸುತ್ತಾರೆಂದು ಓದಿದ್ದೇನೆ. ಆದರೆ ಹಿರಿಯರಲ್ಲಿ ಒಬ್ಬರಿಗೆ ಓದುಬರಹ ಬರುವುದಿಲ್ಲ. ನಮಗೆ ಯಾವುದು ಹೊಂದೀತು ಎಂದು ಅನುಭವಸ್ಥರು ತಿಳಿಸಬೇಕು.

ಉತ್ತರ (ಬಳ್ಳಾರಿಯಿಂದ)

ಹವ್ಯಾಸಿ ನಾಟಕ ತಂಡವೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಮಿರೋ, ಪ್ಯಾಡ್ಲೆಟ್ ಎರಡನ್ನೂ ಪಕ್ಕಕ್ಕಿಡಿ. ಚೀಟಿ ಅಂಟಿಸುವ ಹಲಗೆ ಓದಬಲ್ಲವರಿಗೆ ಮಾತ್ರ ಹಲಗೆ. ನಿಮ್ಮ ತಂಡದಲ್ಲಿ ಅತಿ ಹೆಚ್ಚು ಬಲ್ಲವರೇ ಅದರಿಂದ ಹೊರಗುಳಿಯುತ್ತಾರೆ.

ನಿಮ್ಮ ಕಲೆಯಲ್ಲಿ ನಾಟಕದವರಿಗಿಲ್ಲದ ಒಂದು ತೊಡಕಿದೆ. ಆಡಿಸುವವರು ಪರದೆಯ ಹಿಂದೆ, ದೀಪದ ಪಕ್ಕದಲ್ಲಿರುತ್ತಾರೆ. ಪ್ರೇಕ್ಷಕರು ಕಾಣುವ ಆಟವನ್ನು ಅವರು ಎಂದೂ ಕಂಡಿರುವುದಿಲ್ಲ. ಮೂರನೆಯ ದೃಶ್ಯ ಎಳೆಯುತ್ತದೆ ಎಂದು ನೀವು ಹೇಳಿದರೆ ಅದು ಮುತ್ಯಾರಿಗೆ ದೂರಿನಂತೆ ಕೇಳಿಸೀತು, ಆದರೆ ಅದನ್ನೇ ಅವರು ಕಣ್ಣಾರೆ ಕಂಡರೆ ದೂರುವವರು ಯಾರೂ ಇರುವುದಿಲ್ಲ. ಆದ್ದರಿಂದ ಒಂದು ಫೋನನ್ನು ಪ್ರೇಕ್ಷಕರ ಸಾಲಿನಲ್ಲಿ, ಇನ್ನೊಂದನ್ನು ಪರದೆಯ ಹಿಂದೆ ನಿಲ್ಲಿಸಿ ಚಿತ್ರೀಕರಿಸಿ, ಮರುದಿನ ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ಅದೊಂದೇ ದೃಶ್ಯವನ್ನು ನೋಡಿ. ಮುಂದಿನ ಫೋನಿನಲ್ಲಿ ಪರದೆ ಬರಿದಾಗಿ ಕಂಡ ಕ್ಷಣದಲ್ಲಿ, ಹಿಂದೆ ಗೊಂಬೆ ಬದಲಿಸಲು ಕೈ ಸಾಲದೆ ಪರದಾಡುತ್ತಿದ್ದದ್ದು ಹಿಂದಿನ ಫೋನಿನಲ್ಲಿ ಸಿಕ್ಕೀತು. ಆಗ ಪ್ರಶ್ನೆ ‘ಯಾರು ತಡಮಾಡಿದರು’ ಎಂಬುದರಿಂದ ‘ಗೊಂಬೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿಡಬೇಕು’ ಎಂಬುದಕ್ಕೆ ತಿರುಗುತ್ತದೆ.

ಚಿತ್ರೀಕರಿಸುವಾಗ ಫೋನಿನ ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಬೆಳಕಿನ ಅಳತೆಯನ್ನು ಕಟ್ಟಿಹಾಕಿ. ಇಲ್ಲವಾದರೆ ಕತ್ತಲಿಗೂ ಬೆಳಕಿಗೂ ಫೋನು ತಾನೇ ಹೊಂದಿಕೊಳ್ಳಲು ಹೋಗಿ ತೊಗಲಿನ ಬಣ್ಣವೆಲ್ಲ ತೊಳೆದುಹೋಗುತ್ತದೆ. ಎಣ್ಣೆದೀಪದ ಬದಲು ಎಲ್‌ಇಡಿ ಬಲ್ಬು ಬಳಸುತ್ತಿದ್ದು ಚಿತ್ರದಲ್ಲಿ ಪಟ್ಟಿ ಪಟ್ಟಿಯಾಗಿ ಮಿನುಗು ಕಂಡರೆ, ನಮ್ಮ ವಿದ್ಯುತ್ತು 50 ಹರ್ಟ್ಜ್‌ನದಾದ್ದರಿಂದ ಸೆಕೆಂಡಿಗೆ 30ರ ಬದಲು 25 ಫ್ರೇಮುಗಳಿಗೆ ಇಟ್ಟು ನೋಡಿ.

ಉತ್ತರ (ರಾಯಚೂರಿನಿಂದ)

ಮೇಲಿನ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ವಿಡಿಯೊ ನೋಡುವಾಗಲೂ ಮೊದಲು ಮಾತನಾಡಿದವರ ಕಡೆಗೇ ಎಲ್ಲರೂ ವಾಲುತ್ತಾರೆ. ಹಾಗಾಗಿ ಸಭೆಗೆ ಮುಂಚೆ, ತಾಲೀಮಿನ ರಾತ್ರಿಯೇ, ಪ್ರತಿಯೊಬ್ಬರೂ ಒಂದೆರಡು ನಿಮಿಷದ ಧ್ವನಿ ಸಂದೇಶವನ್ನು ಗುಂಪಿಗೆ ಹಾಕದೆ ಒಬ್ಬರಿಗೆ ಮಾತ್ರ ಕಳಿಸಲಿ. ಆ ಒಬ್ಬರು ಪ್ರತಿ ಸಲ ಬದಲಾಗಲಿ. ಅಕ್ಷರ ಬಾರದ ಹಿರಿಯರಿಗೂ ಇದು ತೊಡಕಾಗುವುದಿಲ್ಲ.

ಅಮೆರಿಕದ ಸೇನೆ 1970ರ ದಶಕದಲ್ಲಿ ರೂಢಿಸಿಕೊಂಡ ಹಿನ್ನೋಟದ ಪದ್ಧತಿಯ ಪ್ರಶ್ನೆಗಳನ್ನೇ ಕೇಳಬಹುದು: ಏನಾಗಬೇಕೆಂದುಕೊಂಡಿದ್ದೆವು, ಏನಾಯಿತು, ಏಕೆ ಹಾಗಾಯಿತು, ಮುಂದಿನ ಸಲ ಏನು. ಸೇನೆಗೂ ಗೊಂಬೆಯಾಟಕ್ಕೂ ಎಲ್ಲಿಯ ನಂಟು ಎನ್ನಬೇಡಿ. ಅಲ್ಲಿಯೂ ಮೇಲಧಿಕಾರಿಯ ಎದುರು ಬಾಯಿ ತೆರೆಯುವುದೇ ಕಷ್ಟವಾಗಿತ್ತು.

ಹೆಸರಿಲ್ಲದ ಅಭಿಪ್ರಾಯ ಬೇಕೆಂದು ವಾಟ್ಸಾಪ್‌ನ ಮತದಾನಕ್ಕೆ ಕೈಹಾಕಬೇಡಿ, ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಅಲ್ಲಿ ಗುಂಪಿನವರಿಗೆಲ್ಲ ಕಾಣುವುದು ವಾಡಿಕೆ. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿಟ್ಟರೆ ಹೆಸರು ಬರುವುದಿಲ್ಲ. ಆದರೂ 9 ಜನರ ತಂಡದಲ್ಲಿ ‘ಹಾಡು ತುಸು ಜಗ್ಗಿತ್ರಿ’ ಎಂದು ಬರೆದವರು ಯಾರೆಂದು ಎರಡನೆಯ ಪದಕ್ಕೇ ತಿಳಿದುಹೋಗುತ್ತದೆ. ನಮ್ಮ ತಂಡದಲ್ಲಿ ಒಮ್ಮೆ ಹೀಗಾಗಿ, ಅಭಿಪ್ರಾಯಕ್ಕಿಂತ ಅದನ್ನು ಬರೆದವರ ಪತ್ತೆಯೇ ದೊಡ್ಡ ಚರ್ಚೆಯಾಯಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕಳೆದ ಭಾನುವಾರ ಎರಡು ಫೋನುಗಳನ್ನು ಇಟ್ಟು ನೋಡಿದೆವು. ದೃಶ್ಯ ಎಳೆದದ್ದಕ್ಕೆ ಕಾರಣ ಆಡಿಸುವವರಲ್ಲ, ನಾನು ಬರೆದ ಮಾತು! ಗೊಂಬೆಯ ಕೈ ಚಲನೆ ಮುಗಿದ ಮೇಲೂ ಎರಡು ಸಾಲು ಉಳಿದಿರುತ್ತಿತ್ತು. ಧ್ವನಿ ಸಂದೇಶದಲ್ಲಿ ಮುತ್ಯಾ ಅದನ್ನೇ ಹೇಳಿದ್ದರು, ಅದೂ ಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತನ ದನಿಯಲ್ಲಿ, ಅವನು ಹೆಂಡತಿ ಬಂಗಾರಕ್ಕನನ್ನು ಕಿಚಾಯಿಸುವಂತೆ ನನ್ನನ್ನು ಕಿಚಾಯಿಸುತ್ತ. ಎದುರಿಗೆ ‘ಛಲೋ ಆತು’ ಎನ್ನುತ್ತಿದ್ದವರು ಅವರೇ.

ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಪರದೆಯ ಹಿಂದಿನ ವಿಡಿಯೊದಲ್ಲಿ ಮನೆತನದ ಕೈಚಳಕವೆಲ್ಲ ಬಯಲಾಗಿ ಕಾಣುತ್ತದೆ. ಅದನ್ನು ಯಾರು ಇಟ್ಟುಕೊಳ್ಳಬೇಕು?

ಉತ್ತರ (ಬಳ್ಳಾರಿಯಿಂದ)

ಅದನ್ನು ಹಿರಿಯರನ್ನೇ ಕೇಳಿ. ಅವರು ತೀರ್ಮಾನಿಸುವವರೆಗೆ ಆ ತುಣುಕನ್ನು ಗುಂಪಿಗೆ ಹಾಕಬೇಡಿ. ಒಂದೇ ಫೋನಿನಲ್ಲಿಟ್ಟು, ಹಿನ್ನೋಟ ಮುಗಿದ ಮೇಲೆ ಅವರೆದುರಿಗೇ ಅಳಿಸಲೂ ಸಿದ್ಧರಿರಿ. ಮುಂದಿನ ಫೋನಿನ ವಿಡಿಯೊಗೆ ಈ ಕಟ್ಟು ಬೇಡ, ಅದು ಹೇಗೂ ಊರೇ ನೋಡುವ ಆಟ.