ಆರ್ಕಿಟೆಕ್ಟ್‌ಗೆ ಕನ್ನಡದಲ್ಲಿ ಏನನ್ನೋಣ? ‘ವಾಸ್ತುಶಿಲ್ಪಿ’ ಸಾಕೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಪ್ಪ ಕೆಂಗೇರಿ ಉಪನಗರದ ಹತ್ತಿರ ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದಾರೆ. ಆರ್ಕಿಟೆಕ್ಟ್ ಜೊತೆಗಿನ ಕರಾರು ಕನ್ನಡದಲ್ಲೇ ಇರಲಿ, ಓದಿ ಅರ್ಥ ಮಾಡಿಕೊಂಡೇ ಸಹಿ ಹಾಕ್ತೀನಿ ಅಂದರು. ಬರೆಯುವ ಕೆಲಸ ನನಗೆ ಬಂತು. ಮೊದಲ ಸಾಲಿನಲ್ಲೇ ಕೈ ನಿಂತಿತು.

ಪತ್ರಿಕೆಗಳಲ್ಲಿ ಓದಿದ ‘ವಾಸ್ತುಶಿಲ್ಪಿ’ಯನ್ನೇ ಬರೆದು ಅವರಿಗೆ ಓದಿ ಹೇಳಿದೆ. “ವಾಸ್ತು ನೋಡೋರು ಬೇರೆ, ಪ್ಲಾನ್ ಹಾಕೋರು ಬೇರೆ ಅಲ್ವಾ? ಇದು ಯಾರು?” ಅಂದರು. ಅವರು ಕೇಳಿದ್ದು ಸರಿ. ನಮ್ಮೂರಲ್ಲಿ ‘ವಾಸ್ತು’ ಅಂದ ಕೂಡಲೇ ನೆನಪಾಗುವುದು ಆಗ್ನೇಯದ ಅಡುಗೆಮನೆ, ಈಶಾನ್ಯದ ಸಂಪು. ‘ಶಿಲ್ಪಿ’ ಅಂದರೆ ಕಲ್ಲು ಕೆತ್ತುವವರು. ಎರಡನ್ನೂ ಕೂಡಿಸಿದರೂ ನಮಗೆ ಬೇಕಾದವರು ಕಣ್ಣ ಮುಂದೆ ಬರುವುದಿಲ್ಲ. ‘ವಾಸ್ತುವಿನ್ಯಾಸಕ’ ಅಂದರೂ ಅಷ್ಟೇ.

ಈ ಗೊಂದಲಕ್ಕೆ ಚಿಕ್ಕಪ್ಪ ಈಗಾಗಲೇ ದುಡ್ಡು ತೆತ್ತಿದ್ದಾರೆ. ‘ವಾಸ್ತು ಮತ್ತು ವಿನ್ಯಾಸ’ ಅಂತ ಬೋರ್ಡ್ ಹಾಕಿದ್ದ ಒಬ್ಬರಿಗೆ ಮುಂಗಡ ಕೊಟ್ಟಿದ್ದರು. ಸಿಕ್ಕಿದ್ದು ದಿಕ್ಕಿನ ಪ್ರಕಾರ ಕೋಣೆ ಗುರುತು ಮಾಡಿದ ಒಂದು ಹಾಳೆ. ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) ಕೂಡ ಅದರಲ್ಲಿ ಇರಲಿಲ್ಲ. ಅದನ್ನು ಹಿಡಿದುಕೊಂಡು ಪ್ಲಾನ್ ಮಂಜೂರಾತಿಗೆ ಹೋಗುವ ಹಾಗೇ ಇರಲಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ಹೇಳಲೇಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಅವರ ನೋಂದಣಿ ಸಂಖ್ಯೆ ‘ಸಿಎ’ ಅಂತ ಶುರುವಾಗುತ್ತದೆ. ಆದರೆ ಕಾಯ್ದೆ ಕಾಯುವುದು ಆ ಹೆಸರನ್ನು, ಕೆಲಸವನ್ನಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯ ನಕ್ಷೆಯನ್ನು ಬೇರೆಯವರೂ ಮಾಡಬಹುದು, ಹೆಸರು ಮಾತ್ರ ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಮನೆ ಕಟ್ಟಿಸುವವರಿಗೆ ಗುರುತು ಅಂತ ಉಳಿಯುವುದು ಆ ಒಂದು ಪದವೇ ಅಲ್ವಾ? ಕನ್ನಡದಲ್ಲಿ ಆ ಪದವೇ ಸಡಿಲವಾಗಿದ್ದರೆ ಜನ ಏನನ್ನು ನೋಡಿ ಆರಿಸಬೇಕು?

ಜನರ ಬಾಯಲ್ಲಿ ಆರ್ಕಿಟೆಕ್ಟ್ ಅಂದರೆ ‘ಎಂಜಿನಿಯರ್’, ಇಲ್ಲವೇ ‘ಪ್ಲಾನ್ ಹಾಕೋರು’. “ನಮ್ಮ ಕಡೆಯವರೇ ಪ್ಲಾನ್ ಹಾಕಿಕೊಡ್ತಾರೆ, ಅದಕ್ಕೆ ದುಡ್ಡು ಬೇಡ” ಅಂತ ಕಂಟ್ರಾಕ್ಟರ್ ಹೇಳಿದರೆ ಎಷ್ಟೋ ಮನೆಗಳಲ್ಲಿ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಕಂಬಿ, ಸಿಮೆಂಟು, ಅಳತೆ ಸರಿ ಇದೆಯಾ ಅಂತ ನಮ್ಮ ಪರವಾಗಿ ನೋಡುವವರು ಕಂಟ್ರಾಕ್ಟರ್ ಕಡೆಯವರೇ ಆಗಿಬಿಟ್ಟರೆ ಹೇಗೆ? ಆರ್ಕಿಟೆಕ್ಟ್ ಕಟ್ಟಿಸುವವರ ಕಡೆ ನಿಲ್ಲುವವರು. ‘ಪ್ಲಾನ್ ಹಾಕೋರು’ ಅಂದಾಗ ಅವರ ಕೆಲಸ ಹಾಳೆಯಲ್ಲೇ ಮುಗಿದುಹೋದ ಹಾಗೆ ಕೇಳಿಸುತ್ತದೆ. ಅದು ನನಗೆ ಬೇಸರ.

ಹಳೆಯ ಪದಗಳತ್ತ ನೋಡಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಸರ್ವಸಿದ್ಧಿ ಆಚಾರಿಯನ್ನು ‘ತೆಂಕಣ ದಿಸೆಯ ಸೂತ್ರಧಾರಿ’ ಅಂದಿದ್ದಾರೆ. ಎಷ್ಟು ಚೆಂದ! ಕೈಯಲ್ಲಿ ಅಳತೆಯ ದಾರ ಹಿಡಿದವರು. ಈಗ ಸೂತ್ರಧಾರ ನಾಟಕಕ್ಕೆ ಹೋಗಿದ್ದಾನೆ. ಹೊಯ್ಸಳ ಗುಡಿಗಳ ‘ರೂವಾರಿ’ ಇನ್ನೂ ಹತ್ತಿರದ ಪದ, ‘ರೂಪಕಾರಿ’ಯಿಂದ ಬಂದದ್ದು. ಆದರೆ ಈಗ ಯಾವುದೇ ಯೋಜನೆಯ ಹಿಂದಿನ ದೊಡ್ಡ ಮನುಷ್ಯರೂ ರೂವಾರಿಯೇ. ವಿಧಾನಸೌಧದ ರೂವಾರಿ ಅಂದರೆ ನಾವು ಹೇಳುವುದು ಕೆಂಗಲ್ ಹನುಮಂತಯ್ಯನವರ ಹೆಸರು. ಅವರು ಕಟ್ಟಿಸಿದವರು. ವಿನ್ಯಾಸ ಮಾಡಿದವರು ಬಿ.ಆರ್. ಮಾಣಿಕ್ಯಂ. ಪದ ಕಟ್ಟಿಸಿದವರ ಪಾಲಾಯಿತು, ವಿನ್ಯಾಸ ಮಾಡಿದವರ ಹೆಸರು ಮರೆಗೆ ಸರಿಯಿತು.

‘ಕ್ಲೈಂಟ್’ಗೆ ಮಾತ್ರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ‘ಗ್ರಾಹಕ’ ಅಂಗಡಿಗೆ, ‘ಕಕ್ಷಿದಾರ’ ವಕೀಲರಿಗೆ. ಇಲ್ಲಿ ‘ಕಟ್ಟಿಸುವವರು’ ಅಂದರೆ ಮುಗಿಯಿತು. ಕಟ್ಟುವವರು ಬೇರೆ, ಕಟ್ಟಿಸುವವರು ಬೇರೆ ಅನ್ನುವುದನ್ನು ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ.

‘ಹೈರ್’ ಮಾಡುವುದಕ್ಕೆ ‘ನೇಮಿಸು’ ಅಂತ ಬರೆದು ಹೊಡೆದುಹಾಕಿದೆ. ಅದು ನೌಕರಿಯ ಮಾತು. ಮದುವೆಗೆ ಅಡುಗೆಯವರನ್ನು, ವಾಲಗದವರನ್ನು ‘ಗೊತ್ತು ಮಾಡುತ್ತೇವೆ’. ನಾಲ್ಕು ಕಡೆ ವಿಚಾರಿಸಿ, ಅವರು ಮಾಡಿದ ಕೆಲಸ ನೋಡಿ, ಇಷ್ಟಕ್ಕೆ ಇಷ್ಟು ಅಂತ ಮಾತಾಡಿ, ಮುಂಗಡ ಕೊಡುವುದೆಲ್ಲ ಅದರೊಳಗೆ ಬಂತು. ಚಿಕ್ಕಪ್ಪ ಈ ಸಲ ಹಾಗೇ ಮಾಡಿದರು. ಆ ಆರ್ಕಿಟೆಕ್ಟ್ ಮಾಡಿಕೊಟ್ಟ ಎರಡು ಮನೆಗೆ ಹೋಗಿ, ಮಳೆಗಾಲದಲ್ಲಿ ಸೋರುತ್ತದಾ ಅಂತ ಮನೆಯವರನ್ನೇ ಕೇಳಿ ಬಂದರು. ಕರಾರಿನಂಥ ಕಾಗದದಲ್ಲಿ ‘ಗೊತ್ತು ಮಾಡಿಕೊಂಡಿದ್ದಾರೆ’ ಅಂತ ಬರೆದರೆ ಹಗುರ ಅನಿಸುತ್ತದೆಯೇ? ನನಗೆ ಅನಿಸುವುದಿಲ್ಲ. ಕಾನೂನು ಬಲ್ಲವರು ಹೇಳಬೇಕು.

ಸದ್ಯಕ್ಕೆ ಕರಡಿನಲ್ಲಿ ‘ಆರ್ಕಿಟೆಕ್ಟ್’ ಅಂತಲೇ ಇಟ್ಟು, ಪಕ್ಕದಲ್ಲಿ ನೋಂದಣಿ ಸಂಖ್ಯೆ ಬರೆದಿದ್ದೇನೆ. ಧಾರವಾಡ, ಮಂಗಳೂರು, ಮೈಸೂರು ಕಡೆಯವರು ಮನೆ ಕಟ್ಟಿಸುವಾಗ ಇವರನ್ನು ಏನಂತ ಕರೆಯುತ್ತೀರಿ? ಪುಸ್ತಕದ ಪದ ಬೇಡ, ಮನೆಯಲ್ಲಿ ಆಡುವ ಪದ ಹೇಳಿ. ಮುಂದಿನ ವಾರ ಸಹಿ ಇದೆ.