ಪಮ್ಮಿ, ಬಾಕ್ಸ್ ಬಿಚ್ಚದೆ ಸಹಿ ಹಾಕಬೇಡ

ಪಮ್ಮಿ, ನಿನ್ನ ಮೆಸೇಜು ಈಗ ನೋಡಿದೆ. ರಾತ್ರಿ ಹನ್ನೊಂದಕ್ಕೆ ಹಾಕಿದ್ದೀಯ, ನಾನು ಒಂಬತ್ತಕ್ಕೇ ಮಲಗುತ್ತೇನೆ ಅಂತ ಈ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು. ಫೋನಿಗೆ ಮಾತಾಡಿದರೆ ಅದೇ ಅಕ್ಷರ ಮಾಡಿಕೊಡುತ್ತದೆ ಅಂತ ಮೊಮ್ಮಗ ತೋರಿಸಿಕೊಟ್ಟಿದ್ದಾನೆ, ಹಾಗಾಗಿ ಮಾತಾಡುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ. ಯಾರಿಗೆ ಕೆಲಸ ಇದೆಯೋ ಅವರು ಆಮೇಲೆ ಓದಿ.

ಯಾವುದೋ ಕಂಪನಿಯವರು ನೀನು ಪಾಠ ಮಾಡುವ ಶಾಲೆಗೆ ಹಳೆ ಕಂಪ್ಯೂಟರು, ಲ್ಯಾಬ್ ಸಾಮಾನು ದಾನ ಕೊಡುತ್ತಾರಂತೆ. ಶುಕ್ರವಾರ ಗಾಡಿ ಬರುತ್ತದಂತೆ. ಹೆಡ್‌ಮಾಸ್ಟರು ರಜೆಯಲ್ಲಿದ್ದಾರೆ, ನೀನೇ ಸಹಿ ಹಾಕಿ ಇಳಿಸಿಕೋ ಅಂದರಂತೆ. ಹಾಕಲಾ ಅತ್ತೆ, ನಮ್ಮ ವಿಜ್ಞಾನದ ರೂಮಿನಲ್ಲಿ ಒಂದು ಬಲ್ಬೂ ಇಲ್ಲ, ಬೇರೆ ಎಲ್ಲಿಂದಾದರೂ ದುಡ್ಡು ತರಬಹುದಾ ಅಂತ ಕೇಳಿದ್ದೀಯ. ಇಷ್ಟೇ ಅಲ್ವಾ?

ಹಾಕಬೇಡ. ಬಾಕ್ಸ್ ಬಿಚ್ಚಿ, ಒಳಗೇನಿದೆ ಅಂತ ಎಣಿಸಿ, ಪ್ಲಗ್ ಹಾಕಿ ಓಡಿಸಿ ನೋಡುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ. ಲಾರಿ ಡ್ರೈವರು ಅವಸರ ಮಾಡುತ್ತಾನೆ. ಮಾಡಲಿ. ಚಹಾ ಕೊಟ್ಟು ಕೂರಿಸು.

ಗಂಗಾವತಿ ಆಚೆ ನಾನು ಟೀಚರ್ ಆಗಿದ್ದ ಶಾಲೆ ನಿಮಗೆಲ್ಲ ಗೊತ್ತಲ್ಲ, ಎಡದಂಡೆ ನಾಲೆ ಪಕ್ಕದ್ದು. ದೊಡ್ಡಣ್ಣ ಒಮ್ಮೆ ಬಂದು ಕೆಸರಲ್ಲಿ ಚಪ್ಪಲಿ ಬಿಟ್ಟು ಹೋದನಲ್ಲ, ಅದೇ. ಅಲ್ಲಿಗೂ ಮಾರ್ಚ್ ತಿಂಗಳ ಕೊನೆಯಲ್ಲಿ ಇಂಥದ್ದೇ ಒಂದು ಲಾರಿ ಬಂತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಅಲ್ಲಿ ಕೆಲಸ ಮಾಡುವವರ ಬೀಗರು ಈ ಗ್ರೂಪಿನಲ್ಲೇ ಇದ್ದಾರೆ. ಮೈಕ್ರೋಸ್ಕೋಪು ಹತ್ತು, ಕಂಪ್ಯೂಟರು ಹನ್ನೆರಡು, ಗಾಜಿನ ಸಾಮಾನು ಒಂದು ಸೆಟ್ಟು, ರಾಸಾಯನಿಕ ಒಂದು ಸೆಟ್ಟು ಅಂತ ಟೈಪ್ ಮಾಡಿದ ಕಾಗದ. ಪಕ್ಕದಲ್ಲಿ ಹೊಸ ಸಾಮಾನಿನ ರೇಟು. ಕೆಳಗೆ ‘ಎಲ್ಲವೂ ಸುಸ್ಥಿತಿಯಲ್ಲಿ ತಲುಪಿವೆ’ ಅಂತ ಒಂದು ಸಾಲು. ಆಗಿನ ಹೆಡ್‌ಮಾಸ್ಟರು ಸಹಿ ಹಾಕಿದರು, ಸೀಲು ಒತ್ತಿದರು. ಬ್ಯಾನರ್ ಹಿಡಿದು ಫೋಟೋ ಆಯ್ತು. ಲಾರಿ ಹೋಯ್ತು.

ಮರುದಿನ ಬಿಚ್ಚಿದೆವು. ಮೈಕ್ರೋಸ್ಕೋಪಿಗೆ ಮೇಲೆ ಹೊಸ ಕರಿ ಬಣ್ಣ ಬಳಿದಿದ್ದರು, ಮಿರಮಿರ ಮಿಂಚುತ್ತಿತ್ತು. ಕಣ್ಣಿಡುವ ಕಡೆ ಲೆನ್ಸೇ ಇಲ್ಲ, ಬರೀ ತೂತು. ಎರಡಕ್ಕೆ ಮಾತ್ರ ಲೆನ್ಸ್ ಇತ್ತು, ಅದರ ಒಳಗೆ ಬೂಷ್ಟು. ಈರುಳ್ಳಿ ಸಿಪ್ಪೆ ಇಟ್ಟರೂ ಬೂಷ್ಟೇ ಕಾಣುತ್ತಿತ್ತು, ಎಲೆ ಇಟ್ಟರೂ ಬೂಷ್ಟೇ. ಒಬ್ಬ ಹುಡುಗ ಅದನ್ನೇ ಜೀವಕೋಶ ಅಂತ ಚೆಂದ ಮಾಡಿ ಚಿತ್ರ ಬಿಡಿಸಿ ತಂದು ತೋರಿಸಿದ. ಕಂಪ್ಯೂಟರು ಅಂದರೆ ಖಾಲಿ ಡಬ್ಬ, ಹಾರ್ಡ್ ಡಿಸ್ಕು ಬಿಚ್ಚಿಕೊಂಡಿದ್ದರು. ಮಾನಿಟರು ಆ ಹಳೆ ಹೊಟ್ಟೆ ಬಂದ ಥರದ್ದು. ಮೈಲುತುತ್ತದ ಬಾಟ್ಲಿ ಕಲ್ಲಾಗಿತ್ತು, ಚಮಚ ಇಳಿಯಲಿಲ್ಲ. ಸಲ್ಫ್ಯೂರಿಕ್ ಆಸಿಡ್ ಬಾಟ್ಲಿ ಒಂದರ ಮುಚ್ಚಳ ಸಡಿಲ ಇತ್ತು. ಅದನ್ನು ಎತ್ತಿಟ್ಟ ಅಟೆಂಡರ್ ಅಜ್ಜನ ಪಂಚೆ ಸಂಜೆ ಹೊತ್ತಿಗೆ ತೊಡೆ ಮೇಲೆ ತೂತು ತೂತು. ಚರ್ಮಕ್ಕೆ ತಾಗಲಿಲ್ಲ ಅನ್ನುವುದೊಂದು ಪುಣ್ಯ. ಹಲಗೆ ಕಪಾಟು ಆಸಿಡ್ ಇಟ್ಟಷ್ಟು ಅಗಲ ಕರ್ರಗೆ ಸುಟ್ಟಿತ್ತು.

ಸರಿ, ಹಾಳಾಗಿ ಹೋಗಲಿ, ಎತ್ತಿ ಹೊರಗೆ ಹಾಕೋಣ ಅಂದೆ. ಹಾಕುವ ಹಾಗಿಲ್ಲವಲ್ಲ! ಸ್ಟಾಕ್ ರಿಜಿಸ್ಟರಿಗೆ ಏರಿಬಿಟ್ಟಿದೆ. ಒಮ್ಮೆ ಏರಿದ್ದು ಕೆಟ್ಟಿದ್ದರೂ ಸರ್ಕಾರದ ಆಸ್ತಿ. ತೆಗೆಯಬೇಕು ಅಂದರೆ ನಿರುಪಯುಕ್ತ ಅಂತ ಬರೆಯಬೇಕು, ಕಮಿಟಿ ಬರಬೇಕು, ಮೇಲಿನವರು ಒಪ್ಪಬೇಕು. ಗುಜರಿಯವನಿಗೂ ಕೊಡುವ ಹಾಗಿಲ್ಲ. ಆ ಹೊಟ್ಟೆ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಅದು ಇ-ತ್ಯಾಜ್ಯ, ನೋಂದಾಯಿತ ಮರುಬಳಕೆಯವರಿಗೇ ಹೋಗಬೇಕು. ಕಂಪನಿಯವರು ಅದನ್ನು ವಿಲೇವಾರಿ ಮಾಡುವ ತಲೆನೋವು ತಪ್ಪಿಸಿಕೊಂಡರು, ಅದಕ್ಕೆ ದಾನ ಅಂತ ಹೆಸರಿಟ್ಟರು. ನಮ್ಮ ಒಂದೇ ಒಂದು ವಿಜ್ಞಾನದ ಕೋಣೆ ಅವರ ಗೋಡೌನ್ ಆಯ್ತು. ಮಕ್ಕಳು ವರಾಂಡದಲ್ಲಿ ಕೂತರು. ದಾನ ಬರುವ ಮೊದಲು ಸಾಮಾನು ಇರಲಿಲ್ಲ, ಆದರೆ ಕೋಣೆ ಇತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಜೂನ್‌ನಲ್ಲಿ ಆ ಹೆಡ್‌ಮಾಸ್ಟರಿಗೆ ಬೇರೆ ಕಡೆ ವರ್ಗ ಆಯ್ತು. ಸೀನಿಯರ್ ಅಂತ ಚಾರ್ಜು ನನ್ನ ತಲೆಗೆ ಬಂತು. ಚಾರ್ಜ್ ಲಿಸ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ಲೆನ್ಸ್ ಇಲ್ಲ, ಡಿಸ್ಕ್ ಇಲ್ಲ, ಕೆಲಸ ಮಾಡುವುದಿಲ್ಲ. ನನ್ನ ಪ್ರತಿ ನನ್ನ ಹತ್ತಿರ ಇತ್ತು. ಕಚೇರಿಯ ಪ್ರತಿ ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು. ನಿವೃತ್ತಿ ಹೊತ್ತಿಗೆ ಆಡಿಟ್ ಆಕ್ಷೇಪಣೆ ಬಂತು, ‘ಹನ್ನೆರಡು ಕಂಪ್ಯೂಟರು ಎಲ್ಲಿ?’ ಬಾಕಿ ಇಲ್ಲ ಅನ್ನುವ ಪತ್ರ ನಿಂತಿತು, ಪೆನ್ಶನ್ ಕಾಗದ ನಿಂತಿತು. ನಿಮ್ಮ ಮಾವನವರಿಗೆ ಆಗ ಹುಬ್ಬಳ್ಳಿಯಲ್ಲಿ ಆಪರೇಷನ್ ಬೇರೆ. ಬಳೆ ಅಡ ಇಟ್ಟದ್ದು ಚಿಗವ್ವನಿಗೆ ಗೊತ್ತು, ಬೇಕಾದರೆ ಕೇಳಿ. ನನ್ನ ಪ್ರತಿಯ ಝೆರಾಕ್ಸು ತೆಗೆಸಿ ತೆಗೆಸಿ ಕೊಟ್ಟ ಮೇಲೆ ಫೈಲು ಅಲ್ಲಾಡಿತು. ಸಹಿ ಹಾಕಿದ ಪುಣ್ಯಾತ್ಮರು ನನಗಿಂತ ಮೊದಲೇ ಪೆನ್ಶನ್ ತಗೊಂಡು ಆರಾಮ ಇದ್ದರು.

ದಾನದ ಆಕಳ ಹಲ್ಲು ಎಣಿಸಬಾರದು ಅಂತ ಗಾದೆ ಹೇಳುವವರು ನಿನ್ನ ಸ್ಟಾಫ್ ರೂಮಿನಲ್ಲೂ ಇರುತ್ತಾರೆ. ಆಕಳಾದರೆ ಸರಿ, ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸುವುದಿಲ್ಲ. ನೀನು ಹಲ್ಲು ಎಣಿಸು. ಇನ್ನೊಮ್ಮೆ ಹೇಳುತ್ತೇನೆ, ಬಾಕ್ಸ್ ಬಿಚ್ಚದೆ ಸಹಿ ಬೇಡ. ಹೆಡ್‌ಮಾಸ್ಟರು ಫೋನ್ ಮಾಡಿ ಬೈದರೂ ಬೇಡ. ಅವರೇ ರಜೆ ಮುಗಿಸಿ ಬಂದು ಹಾಕಲಿ.

ಮತ್ತೆ ಆ ಫೋಟೋ ಕಾರ್ಯಕ್ರಮ ಇದೆಯಲ್ಲ, ಅದರ ಖರ್ಚು ಯಾರದ್ದು ಅಂದುಕೊಂಡಿದ್ದೀರಿ? ನಮ್ಮದು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೆಂಡಾಲು, ಬಂದವರಿಗೆಲ್ಲ ಮಿರ್ಚಿ ಮಂಡಕ್ಕಿ. ಮೇಷ್ಟ್ರು ಮೇಡಮ್ಮುಗಳು ತಲೆಗಿಷ್ಟು ಅಂತ ಹಾಕಿದೆವು. ಆ ದುಡ್ಡಿಗೆ ಗಂಗಾವತಿಯಲ್ಲೇ ಹೊಸ ಮೈಕ್ರೋಸ್ಕೋಪ್ ಒಂದು ಬರುತ್ತಿತ್ತು. ಬ್ಯಾನರ್ ನಮ್ಮ ಕಪ್ಪು ಹಲಗೆಗಿಂತ ದೊಡ್ಡದು. ಭಾಷಣ ಮಾಡಿದವರು ಮಕ್ಕಳು ಕೈಯಿಂದ ಮಾಡಿ ಕಲಿಯಬೇಕು ಅಂದರು, ಆ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು.

ಕಂಪನಿಯವರನ್ನೇ ಯಾಕೆ ಬೈಯಲಿ, ನಮ್ಮ ಮನೆಯವರೇನು ಕಡಿಮೆಯೇ? ಹೋದ ವರ್ಷ ಇದೇ ಗ್ರೂಪಿನಲ್ಲಿ ಕೇಳಿದ್ದೆ. ಬೆಂಗಳೂರಿನ ಹುಡುಗರೆ, ನಿಮ್ಮ ಹಳೆ ಲ್ಯಾಪ್‌ಟಾಪ್ ಓಡುವಂಥದ್ದು ಒಂದಿದ್ದರೆ ಪಮ್ಮಿ ಶಾಲೆಗೆ ಕೊಡಿ ಅಂದೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದಿರಿ. ಒಬ್ಬ ಅದೇ ವಾರ ತನ್ನ ಲ್ಯಾಪ್‌ಟಾಪನ್ನು ಓಎಲ್‌ಎಕ್ಸ್‌ನಲ್ಲಿ ಮಾರಿದ. ಹೆಸರು ಹೇಳುವುದಿಲ್ಲ, ಅವನ ಅವ್ವನೇ ನನಗೆ ಹೇಳಿದ್ದು. ಯಲಬುರ್ಗಾದ ಮಾವ ಅಂತೂ ‘ಸರ್ಕಾರ ಏನು ಮಾಡ್ತಿದೆ’ ಅಂತ ಒಂದು ಗಂಟೆ ಬರೆದರು. ಆ ಒಂದು ಗಂಟೆಯಲ್ಲಿ ಪೇಟೆಗೆ ಹೋಗಿ ಬಲ್ಬು ವೈರು ತರಬಹುದಿತ್ತು.

ಹಾಗಂತ ನಮ್ಮ ಜನಕ್ಕೆ ಕೊಡಲು ಬರುವುದಿಲ್ಲ ಅಂತಲ್ಲ. ಕೊಪ್ಪಳದ ಗವಿಮಠದ ಜಾತ್ರೆ ದಾಸೋಹಕ್ಕೆ ಊರೂರಿನ ಹೆಂಗಸರು ಗುಂಪು ಕೂತು ಜೋಳದ ರೊಟ್ಟಿ ಬಡಿದು ಟ್ರ್ಯಾಕ್ಟರಿನಲ್ಲಿ ಕಳಿಸುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಏನು ಬೇಕು ಅಂತ ಎಲ್ಲರಿಗೂ ಗೊತ್ತು: ರೊಟ್ಟಿ ಬೇಕು, ಮಾದಲಿ ಬೇಕು, ದವಸ ಬೇಕು. ಶಾಲೆಗೆ ಏನು ಬೇಕು ಅಂತ ಯಾರಿಗೆ ಗೊತ್ತು? ‘ಏನಾದರೂ ಸಹಾಯ ಮಾಡಿ’ ಅಂದರೆ ಏನಾದರೂ ಬರುತ್ತದೆ, ನಮಗೆ ಬಂತಲ್ಲ ಹಾಗೆ.

ಅಯ್ಯೋ, ನೀನು ಕೇಳಿದ್ದು ದುಡ್ಡಿನ ವಿಷಯ. ಮರೆತೇಬಿಟ್ಟೆ.

ಮೊದಲು ಪಟ್ಟಿ ಮಾಡು. ಲ್ಯಾಬ್ ಬೇಕು ಅಂತ ಬರೆಯಬೇಡ, ಪಾಠದ ಲೆಕ್ಕದಲ್ಲಿ ಬರೆ. ಎಂಟು, ಒಂಬತ್ತು, ಹತ್ತರ ಪುಸ್ತಕ ತೆಗೆದುಕೋ, ಚಟುವಟಿಕೆ ಅಂತ ಬರುತ್ತದಲ್ಲ, ಒಂದೊಂದಕ್ಕೂ ಏನು ಬೇಕು, ಐದು ಮಕ್ಕಳಿಗೆ ಒಂದು ಸೆಟ್ಟಾದರೆ ಎಷ್ಟು ಬೇಕು. ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿಗೆ ಅಮ್ಮೀಟರು, ವೋಲ್ಟ್ ಮೀಟರು, ನೈಕ್ರೋಮ್ ತಂತಿ, ಸೆಲ್ಲು. ಬೆಳಕಿಗೆ ನಿಮ್ನ ದರ್ಪಣ, ಪೀನ ಮಸೂರ. ಹೀಗೆ ಬರೆದರೆ ಅರ್ಧ ಪಟ್ಟಿ ಸಾವಿರ ರೂಪಾಯಿಯ ಒಳಗಿನ ಸಾಮಾನೇ ಇರುತ್ತದೆ. ನೋಡಿದರೆ ನಿನಗೇ ಧೈರ್ಯ ಬರುತ್ತದೆ.

ಆ ಪಟ್ಟಿಯನ್ನು ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ ಇಟ್ಟು ಠರಾವು ಮಾಡಿಸು. ಠರಾವು ಇಲ್ಲದೆ ಏನೂ ತಗೋಬೇಡ. ಶಾಲೆಯ ಅನುದಾನ ಎಷ್ಟು ಬಂದಿದೆ ಅಂತಲೂ ಅಲ್ಲೇ ಕೇಳು. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ನಿಯಮದಲ್ಲಿ 100ರಿಂದ 250 ಮಕ್ಕಳ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ತನಕ, ಅದಕ್ಕಿಂತ ಜಾಸ್ತಿ, ಸಾವಿರದ ತನಕ ಮಕ್ಕಳಿದ್ದರೆ 75,000 ತನಕ ಅಂತ ಇದೆ. ಕರೆಂಟು ಬಿಲ್ಲು, ರಿಪೇರಿ, ಸುಣ್ಣ ಬಣ್ಣ ಅಂತ ಕರಗುತ್ತದೆ, ನನಗೂ ಗೊತ್ತು. ಕೆಟ್ಟ ಅಳತೆ ಸಾಧನ ಬದಲಿಸಲು, ಪ್ರಯೋಗದ ಸಾಮಾನಿಗೂ ಅದರಲ್ಲೇ ಅವಕಾಶ ಇದೆ. ಸಭೆಯಲ್ಲಿ ಬಾಯಿ ಬಿಟ್ಟು ಕೇಳಬೇಕು ಅಷ್ಟೇ.

ಆಮೇಲೆ ವಿದ್ಯಾಂಜಲಿ. ಕೇಂದ್ರದವರು 2021ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಶುರು ಮಾಡಿದ ಪೋರ್ಟಲ್ಲು. ಯುಡೈಸ್ ನಂಬರ್, ಅಂದರೆ ಶಾಲೆಯ ಗುರುತಿನ ನಂಬರ್ ಹಾಕಿ ಶಾಲೆಯನ್ನು ನೋಂದಾಯಿಸಿ, ನಮಗೆ ಇಂಥದ್ದು ಇಷ್ಟು ಬೇಕು ಅಂತ ಹಾಕಬಹುದು. ಕೊಡುವವರು ಅದನ್ನು ನೋಡಿ ಮುಂದೆ ಬರುತ್ತಾರೆ. ಅಲ್ಲಿ ನಗದು ವ್ಯವಹಾರ ಇಲ್ಲ, ಸಾಮಾನು ಇಲ್ಲವೇ ಪಾಠ ಹೇಳುವ ಸೇವೆ. ನನಗೆ ಅದೇ ಇಷ್ಟ. ನಾವು ಕೇಳಿದ್ದು ಮೊದಲು, ಅವರು ಕೊಡುವುದು ಆಮೇಲೆ.

ಕಂಪನಿಗಳಿಗೆ ಕೇಳುವುದಾದರೆ ಮಾರ್ಚಿನಲ್ಲಿ ಕೇಳಬೇಡ. 2013ರ ಕಂಪನಿ ಕಾಯ್ದೆ 135ನೇ ಕಲಂ ಪ್ರಕಾರ ವರ್ಷಕ್ಕೆ 5 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ 2 ಪರ್ಸೆಂಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಕಾರ್ಖಾನೆ ಇರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಇದೆ. ಗಿಣಿಗೇರಾ ಸುತ್ತ ಆ ಕಾರ್ಖಾನೆ ಹೊಗೆ ಕುಡಿಯುವ ಊರಿನ ಮಕ್ಕಳು ಕೇಳದೆ ಇನ್ಯಾರು ಕೇಳಬೇಕು? ಅವರ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಆಗಲೇ ಪಟ್ಟಿ, ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರ ಪತ್ರ ಮೂರನ್ನೂ ಹಿಡಿದುಕೊಂಡು ಹೋಗು. ಮಾರ್ಚಿನಲ್ಲಿ ಬರುವ ಸಾಮಾನು ಅವರ ಖರ್ಚು ತೋರಿಸುವ ಅವಸರಕ್ಕೆ ಬರುತ್ತದೆ.

ನಮ್ಮ ಸಂಡೂರಿನ ಅಳಿಯ ಇದನ್ನು ಓದುತ್ತಿದ್ದರೆ, ನಿಮ್ಮ ಕಡೆ ಗಣಿ ಬಾಧಿತ ಊರುಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಿದೆ, ಅದರಲ್ಲಿ ಶಿಕ್ಷಣ ಆದ್ಯತೆಯ ವಿಷಯ. ಡಿಸಿ ಕಚೇರಿಯಲ್ಲಿ ವಿಚಾರಿಸಿ, ಸುಮ್ನೆ ಕೂರಬೇಡಿ. ಕಟ್ಟಡ ಗಿಟ್ಟಡ ಅಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಅದಕ್ಕೆ ಶಾಸಕರ ಹಿಂದೆ ಓಡಾಡಬೇಕು, ಪಮ್ಮಿಯಿಂದ ಆಗುವುದಿಲ್ಲ. ಮಕ್ಕಳು ಯಂತ್ರ ಗಿಂತ್ರ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬಿಗೆ 20 ಲಕ್ಷ ಕೊಡುತ್ತಾರೆ ಅಂತ ಯಾರೋ ಹೇಳುತ್ತಾರೆ, ನಿಜ. ಅದಕ್ಕೆ 1,500 ಚದರಡಿ ಜಾಗ ಕೇಳುತ್ತಾರೆ. ನಿಮ್ಮ ಶಾಲೆಯ ಎರಡು ಕೋಣೆ ಒಡೆದು ಸೇರಿಸಿದರೂ ಆಗುವುದಿಲ್ಲ. ಈಗ ಅದರ ಚಿಂತೆ ಬಿಡು.

ಇನ್ಸ್‌ಪೈರ್ ಮಾನಕ್ ಬಿಡಬೇಡ, ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರದವರು ಕೊಡುವ ಪ್ರಶಸ್ತಿ ಅದು. ಮಗುವಿನ ಐಡಿಯಾ ಆಯ್ಕೆ ಆದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಅಗಸ್ತ್ಯ ಫೌಂಡೇಶನ್‌ನವರ ಸಂಚಾರಿ ವಿಜ್ಞಾನ ಗಾಡಿ ನಿಮ್ಮ ತಾಲೂಕಿಗೆ ಬರುತ್ತದಾ ಅಂತ ಬಿಇಒ ಆಫೀಸಿನಲ್ಲಿ ಕೇಳು. ಮೈಕ್ರೋಸ್ಕೋಪ್ ಬರುವ ತನಕ ಫೋಲ್ಡ್‌ಸ್ಕೋಪ್ ತರಿಸು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಮೈಕ್ರೋಸ್ಕೋಪು, 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಈರುಳ್ಳಿ ಸಿಪ್ಪೆಯ ಗೋಡೆ ಗೋಡೆ ಚೆನ್ನಾಗಿ ಕಾಣುತ್ತದೆ, ಬೂಷ್ಟಲ್ಲ. ಆಯಸ್ಕಾಂತ ಬೇಕಾದರೆ ರೇಡಿಯೋ ರಿಪೇರಿಯವನ ಹತ್ತಿರ ಕೆಟ್ಟ ಸ್ಪೀಕರ್ ಕೇಳು, ತಾಮ್ರದ ತಂತಿಗೆ ಮೋಟಾರು ಸುತ್ತುವವನ ಅಂಗಡಿ. ಅವರು ಬ್ಯಾನರ್ ಕೇಳುವುದಿಲ್ಲ.

ಶುಕ್ರವಾರದ ಗಾಡಿಗೆ ಏನು ಮಾಡಬೇಕು ಅಂದರೆ, ಇವತ್ತೇ ಅವರಿಗೆ ನಿನ್ನ ಪಟ್ಟಿ ಕಳಿಸಿ, ಇದರಲ್ಲಿ ಯಾವುದು ಇದೆಯೋ ಅದನ್ನು ಮಾತ್ರ ತನ್ನಿ, ಕಂಪ್ಯೂಟರು ಓಡಿಸಿ ತೋರಿಸಿ ಅನ್ನು. ರಸೀದಿಯಲ್ಲಿ ನಿನ್ನ ಕೈಯಿಂದಲೇ ಬರೆ: ‘ತೆರೆದು ಪರೀಕ್ಷಿಸಿದ್ದು ಇಷ್ಟು, ಕೆಲಸ ಮಾಡುವುದು ಇಷ್ಟು, ವಾಪಸು ಕಳಿಸಿದ್ದು ಇಷ್ಟು.’ ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಪಕ್ಕದಲ್ಲಿ ಇರಲಿ. ಎಲ್ಲದರ ಫೋಟೋ ತೆಗೆದು ಈ ಗ್ರೂಪಿಗೇ ಹಾಕು, ಕಚೇರಿಯ ಪ್ರತಿ ಕಳೆದರೂ ಇಲ್ಲಿರುತ್ತದೆ. ಆಸಿಡ್ ಬಾಟ್ಲಿ ಇದ್ದರೆ ಇಳಿಸಲೇಬೇಡ.

ಪಟ್ಟಿ ಮಾಡಿ ನನಗೆ ಕಳಿಸು, ನೋಡಿ ಹೇಳುತ್ತೇನೆ. ಫೋನ್ ಮಾಡುವುದಾದರೆ ಮೂರು ಗಂಟೆ ಮೇಲೆ ಮಾಡು, ಅದಕ್ಕೂ ಮೊದಲು ಮಲಗಿರುತ್ತೇನೆ. ಮತ್ತೆ ಲ್ಯಾಪ್‌ಟಾಪ್ ಮಾರಿದವನು ಕೈಮುಗಿಯುವ ಚಿತ್ರ ಹಾಕದೆ ಪಮ್ಮಿಗೆ ನೇರ ಫೋನ್ ಮಾಡಲಿ.